ಹಾಜರಿ ಪುಸ್ತಕದಿಂದ ಮರೆಯಾದ ಹೆಸರುಗಳು

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ, ದಾಖಲಾತಿ ಪುಸ್ತಕದಲ್ಲಿ ಮಕ್ಕಳ ತಂದೆ-ತಾಯಿಯರ ಹೆಸರು ಬರೆಯುವಾಗ ತಿಪ್ಪಯ್ಯ, ಗುಂಡಮ್ಮ, ಸಾಕಮ್ಮ ಎಂಬ ಹೆಸರುಗಳು ಪದೇ ಪದೇ ಬರುತ್ತಿದ್ದವು. ನಿವೃತ್ತನಾಗುವ ಹೊತ್ತಿಗೆ ಅವು ಹೆಚ್ಚುಕಡಿಮೆ ಮಾಯವಾಗಿದ್ದವು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪೆಯ ಹೆಸರನ್ನೋ ಕಲ್ಲುಗುಂಡಿನ ಹೆಸರನ್ನೋ ಇಟ್ಟರೆ ಮೃತ್ಯುವಿನ ಕಣ್ಣು ಬೀಳದು ಎಂಬ ನಂಬಿಕೆಯಿತ್ತು. ಹೆಣ್ಣುಮಕ್ಕಳೇ ಸಾಲಾಗಿ ಹುಟ್ಟಿದರೆ ‘ಸಾಕು’ ಎಂಬ ಮೊರೆಯೇ ಹೆಸರಾಗುತ್ತಿತ್ತು. ನಮ್ಮ ಅಜ್ಜಿ ಒಂಬತ್ತು ಮಕ್ಕಳನ್ನು ಹೆತ್ತು ನಾಲ್ವರನ್ನು ಮಣ್ಣು ಮಾಡಿದವರು. ಉಳಿದ ಮಗನನ್ನು, ಎಂದರೆ ನಮ್ಮ ತಂದೆಯವರನ್ನು, ಅವರು ಕೊನೆಯವರೆಗೂ ‘ಗುಂಡ’ ಎಂದೇ ಕರೆಯುತ್ತಿದ್ದರು.

ಆ ಭಯ ಅಕಾರಣವಾದುದಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1876-78ರ ಮಹಾಕ್ಷಾಮದ ಬಳಿಕ, 1881ರಲ್ಲಿ, ಅದು ಸುಮಾರು 42 ಲಕ್ಷಕ್ಕೆ ಕುಸಿಯಿತು. ಅನಂತರ 1898ರಲ್ಲಿ ಪ್ಲೇಗು, 1918ರಲ್ಲಿ ಇನ್‌ಫ್ಲುಯೆನ್ಜಾ. ತೊಟ್ಟಿಲೂ ತುಂಬುತ್ತಿತ್ತು, ಮಸಣವೂ ತುಂಬುತ್ತಿತ್ತು. ಒಟ್ಟು ಜನಸಂಖ್ಯೆ ಮಾತ್ರ ನಿಧಾನವಾಗಿ ಏರುತ್ತಿತ್ತು.

ಮೊದಲು ಇಳಿದದ್ದು ಮರಣ. ಪ್ಲೇಗಿನ ಪಾಠ ಕಲಿತ ಮೈಸೂರು ನಗರದಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಗಿ, ಇಕ್ಕಟ್ಟಿನ ಕೇರಿಗಳ ಹೊರಗೆ ಗಾಳಿ-ಬೆಳಕಿನ ಬಡಾವಣೆಗಳು ಎದ್ದವು. ನಲ್ಲಿಯ ನೀರು, ಸಿಡುಬಿನ ಲಸಿಕೆ, ಸ್ವಾತಂತ್ರ್ಯಾನಂತರ ಡಿ.ಡಿ.ಟಿ., ಪೆನಿಸಿಲಿನ್ ಬಂದವು. ಯೂರೋಪಿನಲ್ಲಿ ಶತಮಾನಕ್ಕೂ ಮಿಕ್ಕಿ ನಡೆದ ಬದಲಾವಣೆ ನಮ್ಮಲ್ಲಿ ಕೆಲವೇ ದಶಕಗಳಲ್ಲಿ ನಡೆಯಿತು.

ಜನನ ಮಾತ್ರ ಕೂಡಲೇ ಇಳಿಯಲಿಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೊಂದು ಇಂಥ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲೆಂದು ಹೇಳುವುದುಂಟು. ಆದರೂ ಇಂದಿನ ಕರ್ನಾಟಕದ ಪ್ರದೇಶದಲ್ಲಿ ಜನಸಂಖ್ಯೆ 1951-61ರಲ್ಲಿ ಶೇ. 21.6, ಮುಂದಿನ ದಶಕದಲ್ಲಿ ಶೇ. 24.2, 1971-81ರಲ್ಲಿ ಶೇ. 26.7ರಷ್ಟು ಏರಿತು. ಆದೇಶ ಹೊರಟು ಐವತ್ತು ವರ್ಷವಾದ ಮೇಲೆ ಏರಿಕೆ ತನ್ನ ಶಿಖರ ಮುಟ್ಟಿತು! ಇಳಿಮುಖವಾದದ್ದು ಆಮೇಲೆ, 2001-11ರಲ್ಲಿ ಅದು ಶೇ. 15.6.

ಕರಿಹಲಗೆಯ ಮೇಲೆ ನಾನು ಎರಡು ರೇಖೆಗಳನ್ನು ಎಳೆದು, ಮರಣದ ರೇಖೆ ಮೊದಲು, ಜನನದ ರೇಖೆ ತಡವಾಗಿ ಇಳಿಯುತ್ತದೆಂದು ಪಾಠ ಹೇಳುತ್ತಿದ್ದೆ. ಏಕೆ ತಡ ಎಂದು ನನಗೇ ತಿಳಿದದ್ದು ಅಜ್ಜಿಯನ್ನು ನೆನೆದಾಗ. ಹೆತ್ತದ್ದು ಉಳಿಯುತ್ತದೆಂಬ ಧೈರ್ಯವಿಲ್ಲದ ತಾಯಿಗೆ ‘ಎರಡೇ ಸಾಕು’ ಎಂದು ಯಾವ ಸರ್ಕಾರ ಹೇಳಿದರೇನು? ಆ ಧೈರ್ಯ ಬರಲು ಒಂದು ತಲೆಮಾರು ಬೇಕಾಯಿತು. ಹೆಣ್ಣುಮಕ್ಕಳು ಶಾಲೆಗೆ ಬಂದು, ಮದುವೆಯ ವಯಸ್ಸು ಏರಬೇಕಾಯಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ತಲೆಮಾರು ತಲೆಮಾರಿಗೆ ಸಮನಾಗಿ ಉಳಿಯಲು ಸುಮಾರು 2.1 ಬೇಕು. ಮುಂದೆ ವೃದ್ಧರನ್ನು ನೋಡಿಕೊಳ್ಳುವವರು ಯಾರೆಂಬ ಚಿಂತೆ ಈಗ ಶುರುವಾಗಿದೆ. ಅದು ನಿಜವಾದ ಚಿಂತೆಯೇ. ಆದರೂ ಅಜ್ಜಿಯ ಚಿಂತೆಗೆ ಅದನ್ನು ಹೋಲಿಸಲಾರೆ. ಮಣ್ಣು ಮಾಡಿದ ಆ ನಾಲ್ವರಿಗೆ ಏನೆಂದು ಹೆಸರಿಟ್ಟಿದ್ದಿರಿ ಎಂದು ನಾನು ಅವರನ್ನು ಒಮ್ಮೆಯೂ ಕೇಳಲಿಲ್ಲ.