ಅರ್ಧ ಉಳಿದ ಜಾರ್ಜ್ ಛತ್ರ

ಹಳೆಯ ಲಂಡನ್ ನಗರಕ್ಕೆ ಥೇಮ್ಸ್ ನದಿಯೇ ದಕ್ಷಿಣದ ಗಡಿ. ಆಚೆ ದಡದಲ್ಲಿ ಸದರ್ಕ್ ಎಂಬ ಪೇಟೆ. 1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತೆರೆಯುವ ತನಕ ನಗರದ ನಡುಭಾಗದಲ್ಲಿ ನದಿ ದಾಟಲು ಇದ್ದದ್ದು ಲಂಡನ್ ಸೇತುವೆಯೊಂದೇ. ಹಿಂದಿನ ಕಾಲದಲ್ಲಿ ರಾತ್ರಿ ಸೇತುವೆಯ ಬಾಗಿಲು ಮುಚ್ಚಿತೆಂದರೆ, ತಡವಾಗಿ ಬಂದವರು ಸದರ್ಕ್‌ನಲ್ಲಿಯೇ ತಂಗಬೇಕಾಗಿತ್ತು. ನಾಕಾ ಇದ್ದಲ್ಲಿ ಚಹದಂಗಡಿ, ಖಾನಾವಳಿ ತಾವಾಗಿ ಹುಟ್ಟುವುದನ್ನು ಗಡಿಯೂರಿನವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಯೂ ಹೆದ್ದಾರಿಯುದ್ದಕ್ಕೂ ಛತ್ರಗಳು ಹುಟ್ಟಿದವು. ಇಂಗ್ಲಿಷರು ಇವನ್ನು ‘ಇನ್’ ಎನ್ನುತ್ತಾರೆ. ನಮ್ಮ ಧರ್ಮಛತ್ರಗಳಂತೆ ಪುಕ್ಕಟೆಯಲ್ಲ. ಊಟ, ಹಾಸಿಗೆ, ಬಿಯರು, ಕುದುರೆಯ ಹುಲ್ಲು, ಎಲ್ಲಕ್ಕೂ ದುಡ್ಡು.

ಅವುಗಳಲ್ಲಿ ಒಂದು ಜಾರ್ಜ್ ಛತ್ರ. 1598ರಲ್ಲಿ ಜಾನ್ ಸ್ಟೋ ಎಂಬಾತ ಬರೆದ ಲಂಡನ್ ವರ್ಣನೆಯಲ್ಲಿಯೇ ಇದರ ಹೆಸರಿದೆ. 1676ರಲ್ಲಿ ಸದರ್ಕ್‌ಗೆ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಮರುವರ್ಷವೇ, ಅಂದರೆ 1677ರಲ್ಲಿ, ಮತ್ತೆ ಕಟ್ಟಿದರು. ಈಗ ನಿಂತಿರುವುದು ಆ ಕಟ್ಟಡದ ಭಾಗ.

ಅದರ ರಚನೆ ಹೀಗಿದೆ. ಬೀದಿಯಿಂದ ಇಕ್ಕಟ್ಟಾದ ದಾರಿಯಲ್ಲಿ ಒಳಹೊಕ್ಕರೆ ಅಂಗಳ. ಸಾರೋಟುಗಳು ಇಲ್ಲಿಗೇ ಬಂದು ನಿಲ್ಲುತ್ತಿದ್ದವು. ಅಂಗಳದ ಸುತ್ತ ಕಟ್ಟಡ, ಕೆಳಗೆ ಪಾನಗೃಹ, ಮೇಲೆ ಮಲಗುವ ಕೋಣೆಗಳು. ಮೇಲಿನ ಅಂತಸ್ತುಗಳಿಗೆ ಅಂಗಳದ ಕಡೆ ಮರದ ಕಂಬ, ಮರದ ಕಟಾಂಜನದ ಮೊಗಸಾಲೆ. ಕೋಣೆಗೆ ಹೋಗುವ ದಾರಿಯೂ ಅದೇ. ನಮ್ಮ ತೊಟ್ಟಿಮನೆಯನ್ನು ಎತ್ತರಿಸಿ ಅಂತಸ್ತು ಏರಿಸಿದಂತೆ ಎಂದರೆ ತಿಳಿದೀತು. ಇಂಥ ಛತ್ರಗಳ ಅಂಗಳದಲ್ಲಿ ಹಿಂದೆ ನಾಟಕಗಳೂ ನಡೆಯುತ್ತಿದ್ದವು. ಮೊಗಸಾಲೆಯಲ್ಲಿ ನಿಂತವರಿಗೆ ಆಟ ಚೆನ್ನಾಗಿ ಕಾಣುತ್ತಿತ್ತು.

1836ರಲ್ಲಿ ಹತ್ತಿರದಲ್ಲೇ ಲಂಡನ್ ಬ್ರಿಜ್ ರೈಲು ನಿಲ್ದಾಣ ಆಯಿತು. ಮುಂದೆ ರೈಲು ಹಬ್ಬಿದಂತೆ ಸಾರೋಟಿನ ಕಾಲ ಮುಗಿಯಿತು, ತಂಗುವವರು ಕಡಿಮೆಯಾದರು. ಪಕ್ಕದಲ್ಲಿದ್ದ ಟ್ಯಾಬರ್ಡ್ ಛತ್ರ ಕವಿ ಚಾಸರನ ಕಾವ್ಯದಲ್ಲಿ ಯಾತ್ರಿಕರು ಸೇರುವ ಜಾಗ. ಇಂಗ್ಲೆಂಡಿನ ಶಾಲಾ ಹುಡುಗರೂ ಅದರ ಹೆಸರು ಬಲ್ಲರು. ಅಷ್ಟು ಕೀರ್ತಿ ಇದ್ದರೂ 1873ರಲ್ಲಿ ಅದನ್ನು ಕೆಡವಿದರು. ಜಾರ್ಜ್ ಛತ್ರವನ್ನು 1874ರಲ್ಲಿ ಗ್ರೇಟ್ ನಾರ್ದರ್ನ್ ರೈಲು ಕಂಪನಿ ಕೊಂಡಿತು. 1889ರಲ್ಲಿ ಉಗ್ರಾಣಕ್ಕಾಗಿ ಎರಡು ಪಾರ್ಶ್ವಗಳನ್ನು ನೆಲಸಮ ಮಾಡಿತು. ದಕ್ಷಿಣದ ಪಾರ್ಶ್ವ ಮಾತ್ರ ಉಳಿಯಿತು.

ಕೊನೆಗೆ ಉಳಿಸಿದವರೂ ರೈಲಿನವರೇ! ಆ ಕಂಪನಿಯ ಉತ್ತರಾಧಿಕಾರಿಯಾದ ಲಂಡನ್ ಮತ್ತು ನಾರ್ತ್ ಈಸ್ಟರ್ನ್ ರೈಲ್ವೆ 1937ರಲ್ಲಿ ಅದನ್ನು ನ್ಯಾಷನಲ್ ಟ್ರಸ್ಟ್‌ಗೆ ದಾನವಾಗಿ ಕೊಟ್ಟಿತು. ಈಗ ಲಂಡನ್ನಿನಲ್ಲಿ ಮೊಗಸಾಲೆಯುಳ್ಳ ಸಾರೋಟು ಛತ್ರ ಇದೊಂದೇ. ಬೀಗ ಹಾಕಿ ವಸ್ತುಸಂಗ್ರಹಾಲಯ ಮಾಡಲಿಲ್ಲ. ಇಂದಿಗೂ ಅದು ಪಬ್ ಆಗಿಯೇ ನಡೆಯುತ್ತಿದೆ.

ಟ್ಯಾಬರ್ಡ್‌ಗೆ ಹೆಸರಿತ್ತು, ಕಾಯುವವರು ಇರಲಿಲ್ಲ. ಜಾರ್ಜ್‌ಗೆ ಕಡೆಗೂ ಒಬ್ಬ ವಾರಸುದಾರ ಸಿಕ್ಕಿದ, ಜೊತೆಗೆ ದಿನಬಳಕೆಯೂ ಉಳಿಯಿತು. ನಮ್ಮೂರ ಹಳೆಯ ಛತ್ರ, ಚಾವಡಿಗಳ ಮುಂದೆ ಹಾಯುವಾಗ ಈ ಎರಡರ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡಬೇಕು.