ಶರಾವತಿಯ ದಂಡೆಯಲ್ಲಿ ಒಂದು ಹಗಲು

ಮಕ್ಕಳನ್ನು ಕರೆದುಕೊಂಡು ವಿಹಾರಕ್ಕೆಂದು ಕಡಲತೀರಕ್ಕೆ ಹೋಗಿಬರುವ ರೂಢಿ ನಮ್ಮಲ್ಲಿ ಬಹಳ ಹಳೆಯದೇನಲ್ಲ. ಹಿಂದಿನವರು ಸಮುದ್ರಕ್ಕೆ ಹೋಗುತ್ತಿದ್ದುದು ತೀರ್ಥಸ್ನಾನಕ್ಕೆ, ಮೀನಿಗೆ, ಇಲ್ಲವೆ ವ್ಯಾಪಾರಕ್ಕೆ. ಈಗ ಘಟ್ಟದ ಮೇಲಿನ ಊರುಗಳಿಂದ ಸಂಸಾರ ಸಮೇತರಾಗಿ ಇಳಿದು ಬರುವವರು ಮರಳಿನಲ್ಲಿ ಆಡಿ, ಅಲೆಗೆ ಕಾಲೊಡ್ಡಿ, ಸೂರ್ಯಾಸ್ತವನ್ನು ನೋಡಿ ಹಿಂದಿರುಗುತ್ತಾರೆ. ಅದು ಆನಂದದ ವಿಷಯವೇ. ಆದರೆ ಕನ್ನಡ ಕರಾವಳಿಯಲ್ಲಿ ಕಳೆದ ಒಂದು ಹಗಲು ಇದಕ್ಕಿಂತ ಹೆಚ್ಚಿನದನ್ನು ಕೊಡಬಲ್ಲದು. ಅದಕ್ಕೆ ಒಂದು ನಿದರ್ಶನವಾಗಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯ ದಂಡೆಗುಂಟ ಸಾಗುವ ಸುಮಾರು 30 ಕಿಲೋಮೀಟರುಗಳ ಹಾದಿಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಈ ಸೀಮೆಗೆ ಬಂದ ಇಬ್ಬರು ದೂರದೇಶದ ಪ್ರವಾಸಿಗಳು, ಸುಮಾರು 280 ವರ್ಷಗಳ ಅಂತರದಲ್ಲಿ, ಇಲ್ಲಿಯ ಅರಸರ ವಿಷಯವನ್ನು ಬರೆದಂತೆಯೇ ಇಲ್ಲಿ ಓದುತ್ತಿದ್ದ ಮಕ್ಕಳ ವಿಷಯವನ್ನೂ ಬರೆದಿಟ್ಟಿದ್ದಾರೆ. ಮಕ್ಕಳೊಡನೆ ಹೋಗುವವರಿಗೆ ಇದಕ್ಕಿಂತ ತಕ್ಕ ಹಾದಿ ಅಪರೂಪ.

ಬೆಳಗ್ಗೆ ಹೊನ್ನಾವರದಲ್ಲಿ ಹೊಳೆ ಕಡಲನ್ನು ಸೇರುವೆಡೆಯಲ್ಲಿ ನಿಂತರೆ ಊರಿನ ಇತಿಹಾಸಕ್ಕೆ ಕಾರಣವೇನೆಂಬುದು ತಾನಾಗಿಯೇ ತಿಳಿಯುತ್ತದೆ. ಘಟ್ಟದ ಮೆಣಸು ಎತ್ತುಗಳ ಮೇಲೆ ಗೇರುಸೊಪ್ಪೆಗೆ ಇಳಿಯಬೇಕು; ಅಲ್ಲಿಂದ ದೋಣಿಗಳಲ್ಲಿ ಹೊಳೆಯ ಮೇಲೆ ತೇಲಿ ಬರಬೇಕು; ಅಳಿವೆಯಲ್ಲಿ ಹಡಗನ್ನು ಏರಬೇಕು. ಹೊಳೆಯೇ ಹೆದ್ದಾರಿಯಾಗಿದ್ದ ಕಾಲ ಅದು. ಇಂದು ಅದೇ ಹೊಳೆಯ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲಿನ ಸೇತುವೆ ಹಾದುಹೋಗಿದೆ. ಕಡಲಿನತ್ತ ನೋಡಿದರೆ ಕೆಳದಿಯ ಅರಸರ ಕಾಲದ ಕೋಟೆಯನ್ನು ಹೊತ್ತ ಬಸವರಾಜದುರ್ಗದ ದ್ವೀಪ.

ಮೊರೊಕ್ಕೊ ದೇಶದ ಇಬ್ನ್ ಬತೂತ, ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ 1342ರಲ್ಲಿ ಚೀನಾಕ್ಕೆ ಹೊರಟವನು, ಪಶ್ಚಿಮ ಕರಾವಳಿಯ ಮಾರ್ಗವಾಗಿ ಈ ಊರಿಗೆ ಬಂದನು. ಆಗ ಇಲ್ಲಿ ಆಳುತ್ತಿದ್ದವನು ಜಮಾಲುದ್ದೀನನೆಂಬ ಸುಲ್ತಾನ. ಇಲ್ಲಿಯ ಹೆಂಗಸರಿಗೆ ಕುರಾನು ಕಂಠಪಾಠವಾಗಿದೆಯೆಂದು ಬತೂತ ಬರೆಯುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಸೇರಿಸುತ್ತಾನೆ. ಅರ್ಧ ಜಗತ್ತನ್ನು ಸುತ್ತಿದವನ ಬಾಯಿಂದ ಬಂದ ಮಾತು ಇದು. ಆ ಶಾಲೆಗಳಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ಧರ್ಮಗ್ರಂಥದ ಪಾಠವೇ ಇರಬೇಕು. ಆದರೂ ಹದಿನಾಲ್ಕನೆಯ ಶತಮಾನದ ಒಂದು ಕನ್ನಡ ರೇವುಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆಂದೇ ಹದಿಮೂರು ಶಾಲೆಗಳಿದ್ದುವೆಂಬುದು ಸಾಮಾನ್ಯ ಸಂಗತಿಯಲ್ಲ. ನೋಡುವುದಕ್ಕೆ ಅವುಗಳ ಗುರುತೇನೂ ಇಲ್ಲಿಲ್ಲ. ಆದುದರಿಂದಲೇ ಅಳಿವೆಯ ದಡದಲ್ಲಿ ನಿಂತು ಈ ಮಾತನ್ನು ಮಕ್ಕಳಿಗೆ ಹೇಳಬೇಕು. ಹೇಳದಿದ್ದರೆ ಅವರು ಕಾಣುವುದು ಬರಿಯ ನೀರು.

ಮುಂದಿನ ಶತಮಾನಗಳ ಕಥೆ ಕದನಗಳ ಕಥೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿಯಲು ನೆರವಾದ ತಿಮ್ಮಯ್ಯ ಈ ಕಡೆಯ ನೌಕಾನಾಯಕ. 1569ರಲ್ಲಿ ಹೊನ್ನಾವರವೇ ಪೋರ್ಚುಗೀಸರ ವಶವಾಯಿತು. ಆಮೇಲೆ ಕೆಳದಿಯವರು, ಅನಂತರ ಹೈದರ್ ಮತ್ತು ಟಿಪ್ಪು, ಕೊನೆಗೆ ಇಂಗ್ಲಿಷರು. ಎಲ್ಲರ ಕಣ್ಣೂ ಇದ್ದುದು ಹೊಳೆಯ ಮೇಲೆ ಇಳಿದು ಬರುತ್ತಿದ್ದ ಆ ಕರಿಯ ಕಾಳಿನ ಮೇಲೆ.

ಹೊನ್ನಾವರವನ್ನು ಬಿಟ್ಟು ಮೇಲಕ್ಕೆ ಸಾಗಿದಂತೆ ತೆಂಗು ಹಿಂದುಳಿದು ಅಡಕೆಯ ತೋಟಗಳು ಎದುರಾಗುತ್ತವೆ. ಅಡಕೆಯ ಮರವನ್ನು ತಬ್ಬಿದ ಮೆಣಸಿನ ಬಳ್ಳಿಯನ್ನು ಮಕ್ಕಳಿಗೆ ತೋರಿಸಲು ಮರೆಯಬಾರದು. ಹಡಗುಗಳು ಸಾವಿರಾರು ಹರಿದಾರಿ ದಾಟಿ ಬಂದದ್ದು ಈ ಬಳ್ಳಿಗಾಗಿ ಎಂದರೆ ಅವರು ಮೊದಲು ನಂಬಲಾರರು.

ಗೇರುಸೊಪ್ಪೆಯ ಚತುರ್ಮುಖ ಬಸದಿ ಕಾಡಿನ ನಡುವೆ ಇದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ನೋಡಿದರೂ ಜಿನಬಿಂಬದ ಶಾಂತ ಮುಖ. ಕಟ್ಟಡ ದೃಢವಾಗಿದೆ, ಸರಳವಾಗಿದೆ. ಇದರ ಸುತ್ತ ಒಂದು ರಾಜಧಾನಿ ಇತ್ತೆಂಬುದನ್ನು ಮಾತ್ರ ಊಹಿಸಿಕೊಳ್ಳಬೇಕು. 1552ರಿಂದ 1606ರವರೆಗೆ ಇಲ್ಲಿ ಆಳಿದವಳು ಚೆನ್ನಭೈರಾದೇವಿಯೆಂದು ಚರಿತ್ರಕಾರರ ಎಣಿಕೆ. ಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಹಿಡಿದಿದ್ದ ಈ ಜೈನ ರಾಣಿಯನ್ನು ಪೋರ್ಚುಗೀಸರು ಕರೆದುದು ಮೆಣಸಿನ ರಾಣಿಯೆಂದೇ. ಕೆಳದಿಯ ವೆಂಕಟಪ್ಪನಾಯಕನ ಕೈಯಲ್ಲಿ ಅವಳ ರಾಜ್ಯ ಕೊನೆಗೊಂಡಿತು.

ಆ ಸೋಲಿನ 17 ವರ್ಷಗಳ ತರುವಾಯ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯೆಂಬ ಪ್ರವಾಸಿ, ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರದ ಜೊತೆಗೂಡಿ, ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ಹೊಳೆಯ ಚೆಲುವಿಗೆ ಅವನು ಮಾರುಹೋದನು. ಆದರೆ ಪಟ್ಟಣವಿದ್ದಲ್ಲಿ ಅವನು ಕಂಡದ್ದು ಮರಗಿಡ ಬೆಳೆದ ಪಾಳು ಅರಮನೆ, ಕೆಲವು ಗುಡಿಸಲು. ಒಂದು ಮಗು ಹುಟ್ಟಿ ಹರೆಯಕ್ಕೆ ಬರುವಷ್ಟರಲ್ಲಿ ರಾಜಧಾನಿಯೊಂದು ಕಾಡಾಗಿತ್ತು. ರಾಣಿಯ ನಡತೆಯ ಮೇಲೆ ಕಲ್ಲೆಸೆಯುವ ಕಥೆಯೊಂದನ್ನೂ ಅವನು ಕೇಳಿ ಬರೆದಿದ್ದಾನೆ. ಗೆದ್ದವರ ಸೀಮೆಯಲ್ಲಿ ಸೋತವಳ ವಿಷಯವಾಗಿ ಹಬ್ಬಿದ ಮಾತನ್ನು ನಾವು ಎಚ್ಚರದಿಂದಲೇ ಓದಬೇಕು. ಅವಳ ಬಗೆಗೆ ಅವಳ ಕಡೆಯವರ ಮಾತು ನಮಗೆ ಅಷ್ಟಾಗಿ ದೊರೆಯದು. ಅವಳ ನಾಡಿನ ಪರವಾಗಿ ಸಾಕ್ಷಿ ನುಡಿಯಲು ಈ ಬಸದಿಯಂಥ ಕೆಲವು ಕಲ್ಲುಗಳೇ ಉಳಿದಿವೆ.

ದೆಲ್ಲಾ ವಾಲೆ ಮುಂದೆ ಘಟ್ಟವನ್ನು ಏರಿದನು. ದಾರಿಯಲ್ಲಿ ಒಂದು ಹನುಮಂತನ ಗುಡಿ. ಹೊರೆಗಳನ್ನು ಸಜ್ಜುಗೊಳಿಸುವವರೆಗೆ ಕಾಯುತ್ತಾ ಅವನು ಅದರ ಜಗಲಿಯಲ್ಲಿ ಕುಳಿತನು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತಾ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರು ಹಾಗೆಯೇ ಹಾಡಿ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವುದು. ಹತ್ತಿರ ಗುರುವಿಲ್ಲ, ಒಬ್ಬರಿಗೊಬ್ಬರೇ ಗುರುಗಳು. ಪ್ರವಾಸಿಗೆ ಇದು ಬಲು ಮೆಚ್ಚುಗೆಯಾಯಿತು. ಮರಳಿನ ಮೇಲೆ ಅಕ್ಷರ ತಿದ್ದಿದ ಹಿರಿಯರನ್ನು ಕಂಡ ನಮ್ಮ ತಲೆಮಾರಿಗೆ ಆ ಹುಡುಗರು ಅಪರಿಚಿತರಲ್ಲ. ಅರಮನೆ ಬಿದ್ದ ಮೇಲೂ ಪಾಠದ ಆ ರೀತಿ ಮುನ್ನೂರು ವರ್ಷ ನಡೆದುಬಂದಿತು.

ಹೊಳೆಯೂ ಈಗ ಹಿಂದಿನದಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಅದರ ಹರಿವು ವಿದ್ಯುತ್ತಿನ ಲೆಕ್ಕಕ್ಕೆ ಸೇರಿದೆ. ಇದನ್ನೂ ಮಕ್ಕಳಿಗೆ ತಿಳಿಸಬೇಕು.

ಸಂಜೆಗೆ ಕಾಸರಕೋಡಿನ ಕಡಲದಂಡೆಗೆ ಮರಳಬಹುದು. 2020ರಲ್ಲಿ ನೀಲಿ ಬಾವುಟದ ಅಂತಾರಾಷ್ಟ್ರೀಯ ಮನ್ನಣೆ ಪಡೆದ ದಂಡೆ ಇದು. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ ವನ. ಮಳೆಗಾಲದಲ್ಲಿ ಮಾತ್ರ ಯಾರೂ ನೀರಿಗಿಳಿಯುವ ಸಾಹಸ ಮಾಡಬಾರದು.

ಒಂದೇ ಬಿನ್ನಹ. ಪ್ರಾಚೀನ ಕಟ್ಟಡವನ್ನು ಕಂಡೊಡನೆ ಮೊಳೆಯಿಂದಲೋ ಇದ್ದಿಲಿನಿಂದಲೋ ಗೋಡೆಯ ಮೇಲೆ ತಮ್ಮ ಹೆಸರನ್ನು ಬರೆಯುವ ಚಾಳಿ ನಮ್ಮ ವಿಹಾರಿಗಳಲ್ಲಿ ಹಲವರಿಗೆ ಇದೆ. ದೊಡ್ಡವರನ್ನು ನೋಡಿ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಬಸದಿಯ ಬಾಗಿಲಲ್ಲಿ ಅವರಿಗೆ ಹನುಮಂತನ ಗುಡಿಯ ನಾಲ್ವರು ಹುಡುಗರ ಕಥೆಯನ್ನು ಹೇಳಿ. ಬರೆಯುವ ಆಸೆಯಿದ್ದರೆ ಸಂಜೆ ಕಾಸರಕೋಡಿನಲ್ಲಿ ಬೇಕಾದಷ್ಟು ಮರಳಿದೆ.