ಲೇಖಕನ ರುಜು, ಓದುಗನ ಕಾಸು

ನಮ್ಮ ಹಿಂದಿನ ಕವಿಗಳಿಗೆ ರುಜು ಹಾಕುವ ಗೋಜಿರಲಿಲ್ಲ. ವಚನಕಾರರೂ ಹರಿದಾಸರೂ ರಚನೆಯ ಕೊನೆಗೆ ತಮ್ಮ ದೈವದ ಹೆಸರನ್ನಿಟ್ಟು ಮುಗಿಸುತ್ತಿದ್ದರು, ಅದೇ ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಪುರಂದರವಿಠಲ ಎಂದರೆ ಪುರಂದರದಾಸರು. ಕೇಳಿದವನು ಕಾಸು ಕೊಡಲಿ ಬಿಡಲಿ, ಹಾಡಿನೊಡನೆ ಹೆಸರೂ ಊರಿಂದೂರಿಗೆ ನಡೆಯುತ್ತಿತ್ತು. ಅಚ್ಚಿನ ಪುಸ್ತಕಕ್ಕೆ ಆ ಕಾಲಿಲ್ಲ. ಅದನ್ನು ಯಾರಾದರೂ ಹೊರಬೇಕು.

ಹೊತ್ತವರಲ್ಲಿ ಮೊದಲು ನೆನೆಯಬೇಕಾದವರು ಗಳಗನಾಥರು (1869–1942). ಶಾಲಾ ಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿ ಬರೆದುದಲ್ಲದೆ, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಕನ್ನಡ ಕಾದಂಬರಿಯ ಪಿತಾಮಹರೆಂದು ಈಗ ಹೊಗಳುತ್ತೇವೆ. ಅಂದು ಎಷ್ಟು ಬಾಗಿಲುಗಳಲ್ಲಿ 'ಮುಂದೆ ಹೋಗಿ' ಎಂದೆನಿಸಿಕೊಂಡರೋ!

ಕೋಲಾರದ ಸೀಮೆ ಬರಹಗಾರರಿಗೆ ಬಡವಲ್ಲ. ಮುಳಬಾಗಿಲು 1887ರಲ್ಲಿ ಡಿ.ವಿ.ಜಿ.ಯವರನ್ನೂ, ಮಾಲೂರು ತಾಲ್ಲೂಕು 1891ರಲ್ಲಿ ಮಾಸ್ತಿಯವರನ್ನೂ, ಕೋಲಾರ 1908ರಲ್ಲಿ ಅ.ನ.ಕೃ. ಅವರನ್ನೂ ಕೊಟ್ಟಿತು. ಆದರೆ ದೊಡ್ಡವರೂ ಒಂದು ಕಾಲಕ್ಕೆ ಅಪರಿಚಿತರೇ. 1920ರಲ್ಲಿ 'ಕೆಲವು ಸಣ್ಣ ಕಥೆಗಳು' ಹೊರಬಂದಾಗ ಅದರ ಕರ್ತೃ 'ಶ್ರೀನಿವಾಸ'ನನ್ನು ಬಲ್ಲವರು ಎಷ್ಟು ಮಂದಿ? ಜ್ಞಾನಪೀಠ ಬಂದದ್ದು 1983ರ ಸಾಲಿಗೆ. ನಡುವೆ ಅರುವತ್ತಮೂರು ವರ್ಷ. ಮಾಸ್ತಿಯವರಿಗೆ ಸರ್ಕಾರಿ ಸಂಬಳವಾದರೂ ಇತ್ತು. ಅದಿಲ್ಲದವನ ಪಾಡನ್ನು ವಾಚಕರೇ ಊಹಿಸಲಿ.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಆಮೇಲೆ ಬೆಳೆದ ಸಗಟು ಖರೀದಿಯಿಂದ ಅನೇಕ ಸಣ್ಣ ಲೇಖಕರು ಬದುಕಿದರು, ಇದು ಉಪಕಾರವೇ. ಆದರೆ ಅಚ್ಚಿನ ಮನೆಯಿಂದ ಪುಸ್ತಕ ನೆಟ್ಟಗೆ ಸರ್ಕಾರದ ಬೀರುವಿಗೆ ಹೋಗಹತ್ತಿದ ಮೇಲೆ, ಓದುಗನ ಮುಖ ನೋಡುವ ಅಗತ್ಯವೇ ನಮಗೆ ತಪ್ಪಿತೆಂದು ನನಗೆ ತೋರುತ್ತದೆ. ಬೀರುವಿಗೆ ಯಾರ ರುಜುವೂ ಬೇಡ.

ಆ ಮುಖವನ್ನು ನೋಡೋಣವೆಂದೇ ನಾನು ನನ್ನ ಪುಟ್ಟ ಪ್ರಬಂಧ ಸಂಕಲನವನ್ನು ಕೈಚೀಲದಲ್ಲಿ ತುಂಬಿಕೊಂಡು ನಾಲ್ಕು ಊರು ಸುತ್ತಿದೆ. ರುಜುವಿನ ಅರ್ಥ ಏನಾಗಿದೆಯೆಂಬುದು ಮಾಲೂರಿನಲ್ಲೇ ತಿಳಿಯಿತು. 'ರುಜು ಮಾಡಿ ಕೊಡಿ' ಎಂದರೆ 'ಬಿಟ್ಟಿ ಕೊಡಿ' ಎಂದು! 'ಪ್ರೀತಿಯಿಂದ' ಎಂದು ಬರೆದ ಮೇಲೆ ಹಣ ಕೇಳುವ ಬಾಯಿ ಯಾವ ಲೇಖಕನಿಗಿದೆ? ಹಾಗೆಂದು ಮುಂಗಡ ರುಜು ಹಾಕಿಟ್ಟರೆ ಅಂಗಡಿಯವರು ಒಪ್ಪರು. ಉಳಿದ ಪ್ರತಿಯನ್ನು ಹಿಂದಕ್ಕೆ ಕಳಿಸುವುದು ಹೇಗೆಂಬುದು ಅವರ ಚಿಂತೆ. ಕೋಲಾರದಲ್ಲಿ ನನ್ನ ಮೇಜಿನ ಬಳಿಗೆ ಬಂದವರಲ್ಲಿ ಹೆಚ್ಚಿನವರು ಬಸ್ಸಿನ ವೇಳೆ ವಿಚಾರಿಸಿದರು. ಶ್ರೀನಿವಾಸಪುರಕ್ಕೆ ಹೋದದ್ದು ಮಾವಿನ ಸುಗ್ಗಿಯಲ್ಲಿ. ಅಲ್ಲಿ ಆಗ ಪುರುಸೊತ್ತಾಗಿದ್ದವನು ನಾನೊಬ್ಬನೇ.

ಮುಳಬಾಗಿಲಿನದು ಗಡಿಯ ಬಾಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲೊಬ್ಬ ಮುದುಕರು ಪುಸ್ತಕವನ್ನು ತಿರುವಿ 'ಬಾಗುಂದಿ ಸ್ವಾಮೀ' ಎಂದರು. ತಮಗೆ ಕನ್ನಡ ಓದಲು ಬಾರದೆಂದೂ, ಮೊಮ್ಮಗಳು ಓದುವಳೆಂದೂ ಹೇಳಿ, ಅವಳ ಹೆಸರಿಗೆ ರುಜು ಹಾಕಿಸಿಕೊಂಡರು. ಆಮೇಲೆ ಬೆಲೆಯಲ್ಲಿ ಹತ್ತು ರೂಪಾಯಿ ಇಳಿಸಿ, ಉಳಿದುದನ್ನು ಎಣಿಸಿಕೊಟ್ಟರು.